ಶಾಂತಮ್ಮನವರ ಒಂದೇ ಒಂದು ಹುಳ

ನನಗೆ ಎಲ್ಲವೂ ಗೊತ್ತಿದೆ ಎಂಬ ಭ್ರಮೆ ಸುಮ್ಮನೆ ಬಂದದ್ದಲ್ಲ. ಶಹಾಪುರದಲ್ಲಿ ಬೆಳೆ ಔಷಧಿಯ ಅಂಗಡಿ ಇಟ್ಟುಕೊಂಡು ಗಿರಾಕಿಗಳ ಮುಂದೆ ಇಷ್ಟು ವರ್ಷ ತಲೆಯಾಡಿಸಿದ್ದರ ಫಲ. ರೈತರು ಹುಳದ ಮಾತು ತೆಗೆದರೆ ಸಾಕು, ಅವರು ಮುಗಿಸುವುದರೊಳಗೆ ನನ್ನ ಕೈ ಔಷಧಿ ಡಬ್ಬಿಯ ಮೇಲಿರುತ್ತದೆ. ಹಾವಿನ ವಿಷಯದಲ್ಲಂತೂ ಕೇಳಲೇಬೇಡಿ. ಗಲ್ಲಾದ ಹಿಂದೆ ನಾಲ್ಕು ವಿಷದ ಹಾವುಗಳ ಪಟ ತೂಗುಹಾಕಿದ್ದೇನೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದುಕೊಂಡು ಹತ್ತಿರ ಹೋಗಬೇಡಿ ಎಂದು ಗೊಬ್ಬರಕ್ಕೆ ಬಂದವರಿಗೂ ಬಿಟ್ಟಿ ಪಾಠ ಹೇಳುತ್ತೇನೆ. ನಿಜವಾದ ಹಾವು ಕಂಡರೆ ನೀವೇನು ಮಾಡುತ್ತೀರಿ ಎಂದು ಈವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಹೋದ ವರ್ಷ ತೊಗರಿ ಕಾಯಿ ಕಟ್ಟುವ ಕಾಲಕ್ಕೆ ವನದುರ್ಗದ ಶಾಂತಮ್ಮನವರ ಫೋನು ಬಂತು. ಹಳೆಯ ಗಿರಾಕಿ, ಹೊಲವನ್ನು ತಾವೇ ನೋಡಿಕೊಳ್ಳುವ ಗಟ್ಟಿ ಹೆಂಗಸು.

"ಅಣ್ಣಾರ, ತೊಗರ್ಯಾಗ ಹುಳ ಅದರಿ. ಏನ್ ಮಾಡ್ಲಿ?"

"ಎಷ್ಟ ಅದಾವ?"

"ಒಂದೇ ಅದರಿ."

ನನಗೆ ನಗು ತಡೆಯಲಾಗಲಿಲ್ಲ. "ಒಂದ ಹುಳಕ್ಕ ಫೋನ್ ಮಾಡ್ತಾರೇನ್ರಿ ಅಕ್ಕಾರ? ಹೆಂಗದ ನೋಡಾಕ?"

"ಮೈತುಂಬ ಚುಕ್ಕಿ. ಸುತ್ಕೊಂಡು ಕುಂತದ."

"ಕಾಯಿಕೊರಕನೇ ಅದು. ಗಿಡ ಜಾಡಿಸ್ರಿ, ತೆಳಗ ಬೀಳ್ತದ."

"ತೆಳಗೇ ಕುಂತದ್ರಿ."

"ಹಂಗಾರ ಇನ್ನೂ ಛಲೋ ಆತು. ಕೈಲೇ ಹಿಡ್ದು ಡಬ್ಬಿಗಿ ಹಾಕ್ರಿ."

"ಡಬ್ಬಿ ಸಾಲಂಗಿಲ್ರಿ. ನೀವು ಹೇಳಿದ್ರಂದ್ರ ಹಿಡೀತೀನಿ, ಆದ್ರ ಕುಕ್ಕರ್ ಸಿಳ್ಳಿ ಹೊಡ್ದಂಗ ಸಪ್ಪಳ ಮಾಡಾಕತ್ತದ."

ಆಗ ಹೊಳೆಯಿತು, ಆಕೆ ಹೇಳುತ್ತಿದ್ದುದು ಹಾವು. ನಮ್ಮ ಕಡೆ ಹಾವಿನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಕರೆದಂತಾಗುತ್ತದಂತೆ. ಹುಳ ಎಂದೇ ಅನ್ನುವುದು. ಕಚ್ಚಿದರೂ ಹುಳ ಮುಟ್ಟಿತು ಎನ್ನುವುದೇ. ಇದನ್ನು ಅವ್ವನ ಬಾಯಲ್ಲಿ ಕೇಳಿಯೇ ಬೆಳೆದವನು ನಾನು. ಅಂಗಡಿಯಲ್ಲಿ ಕೂತು ಕೂತು ಅದೂ ಮರೆತುಹೋಗಿತ್ತು.

"ಮುಟ್ಟಬ್ಯಾಡ್ರಿ! ಹಿಂದ ಸರೀರಿ!" ಎಂದು ಕಿರುಚಿದೆ. ಫೋನು ಕಟ್ಟಾಯಿತು. ಆರು ಸಲ ಮಾಡಿದೆ, ಎತ್ತಲಿಲ್ಲ. ನನ್ನ ಮಾತು ನಂಬಿ ಆಕೆ ಕೈ ಹಾಕಿದ್ದರೆ ಎಂದು ನೆನೆದು ಮತ್ತೆ ನಂಬರು ಒತ್ತಿದೆ. ಏಳನೆಯ ಸಲಕ್ಕೆ ಎತ್ತಿದರು: "ಬದುವಿನ ಕಡಿ ಹೋತ್ರಿ. ನಾ ಓಡಿ ಬಂದು ಕಟ್ಟಿಮ್ಯಾಲ ಕುಂತೀನಿ."

ಮರುದಿನ ಶಾಂತಮ್ಮ ಅಂಗಡಿಗೆ ಬಂದವರೇ ಪಟದ ಕೊಳಕುಮಂಡಲದ ಮೇಲೆ ಬೆರಳಿಟ್ಟು, "ಇದೇ ಹುಳರೀ" ಎಂದರು. ತಪ್ಪಾಯಿತು ಎನ್ನಬೇಕಾದವನು ಪಾಠಕ್ಕೆ ನಿಂತೆ. "ಹಾವಿಗಿ ಹಾವು ಅನ್ರಿ ಅಕ್ಕಾರ. ಹೆಸರು ಹೇಳಿದ್ರ ಬರ್ತದೇನು? ನೋಡ್ರಿ, ನಾ ಹೇಳ್ತೀನಿ: ಹಾವು, ಹಾವು, ಹಾವು!"

ಮೂರನೆಯ ಸಲ ಹಾವು ಎನ್ನುವಷ್ಟರಲ್ಲಿ ಗೊಬ್ಬರದ ಚೀಲದ ಮೇಲಿಂದ ಕಪ್ಪಗೆ ಉದ್ದಗೆ ಏನೋ ಜಾರಿ ನನ್ನ ಕಾಲ ಮೇಲೆ ಬಿತ್ತು. "ಹುಳ! ಹುಳ!" ಎಂದು ಕೂಗಿಕೊಂಡು ಸ್ಟೂಲ್ ಹತ್ತಿದೆ. ನಾಲ್ಕು ಹಾವುಗಳಲ್ಲಿ ಅದು ಯಾವುದೆಂದು ಪಟ ನೋಡುವ ಯೋಚನೆ ಕೂಡ ಬರಲಿಲ್ಲ.

ಶಾಂತಮ್ಮ ನಿಧಾನವಾಗಿ ಬಗ್ಗಿ, ಔಷಧಿ ಹೊಡೆಯುವ ಪಂಪಿನ ಪೈಪನ್ನು ಎತ್ತಿ ನನ್ನ ಮುಂದೆ ಹಿಡಿದರು.

"ಒಂದೇ ಅದರಿ ಅಣ್ಣಾರ. ಡಬ್ಬಿಗಿ ಹಾಕ್ಲೇನು?"