ನಿಂಗವ್ವನ ಪರಾತ

ಗೆಳೆಯ ಕಳಕಪ್ಪ ಮಾಡಿದ ಈ ಹೊಸ ಡಿಶ್ ಕೆಲಸ ಮಾಡಲಿ ಎಂದು ಬೇಡಿಕೊಳ್ಳಬೇಕೋ, ಕೆಟ್ಟು ನಿಲ್ಲಲಿ ಎಂದೋ? ಅಂದಾನೆಪ್ಪನಿಗೇ ತಿಳಿಯಲಿಲ್ಲ. ಕೆಲಸ ಮಾಡಿತೆಂದರೆ ಕಳಕಪ್ಪ ಪುಣೆಯ ಕಂಪನಿ ಸೇರುತ್ತಾನೆ. ಅಲ್ಲಿಂದ ಪರೀಕ್ಷೆಗೆಂದು ಬಂದ ಸಾಹೇಬರು ಆಗಲೇ ಕೆಳಗೆ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು.

ಗಜೇಂದ್ರಗಡದಲ್ಲಿ ಈ ಇಬ್ಬರು ಗೆಳೆಯರು ಸೇರಿ ಮನೆಮನೆಗೆ ಇಂಟರ್ನೆಟ್ ಕೊಡುತ್ತಿದ್ದರು. ಗುಡ್ಡದ ಮೇಲಿನ ರೇಡಿಯೊ ಕಳಿಸಿದ್ದನ್ನು ಆಫೀಸಿನ ಮಾಳಿಗೆಯ ಡಿಶ್ ಹಿಡಿಯಬೇಕು. ಗಾಳಿಗೆ ಡಿಶ್ ಚೂರು ಸರಿದರೂ ಸಾಕು, ಊರಿನ ಬೈಗುಳವೆಲ್ಲ ಅಂದಾನೆಪ್ಪನ ಫೋನಿಗೆ!

"ಇನ್ನ ಬಿರುಗಾಳಿ ಅಲ್ಲ, ಅದರಪ್ಪ ಬಂದ್ರೂ ಲಿಂಕ್ ಕಡಿಯಂಗಿಲ್ಲ!" ಎಂದ ಕಳಕಪ್ಪ. "ತಾನಽ ದಾರಿ ಹುಡುಕ್ಕೋತೈತಿ!"

ಬಿರುಗಾಳಿಯಂತೆ ಡಿಶ್‌ನ ಕಂಬ ಅಲ್ಲಾಡಿಸಿದ. ಬಕೆಟ್ ನೀರು ಸುರಿದ. ಹೊಸ ಡಿಶ್ ಕತ್ತು ಹೊರಳಿಸಿ ಮತ್ತೆ ಗುಡ್ಡವನ್ನೇ ನೋಡಿತು. ಅಷ್ಟರಲ್ಲಿ ಮಂಗವೊಂದು ಬಂದು ಅದರ ಮುಖಕ್ಕೆ ಅಡ್ಡ ಕೂತು, ಹೇನು ಹುಡುಕತೊಡಗಿತು.

ಡಿಶ್ ಗಾಬರಿಯಾಗಿ ಅತ್ತಿತ್ತ ತಿರುಗಿ, ಪಕ್ಕದ ಮಾಳಿಗೆಯತ್ತ ನಿಂತಿತು. ಅಲ್ಲಿ ನಿಂಗವ್ವ ಸಂಡಿಗೆ ಇಡುತ್ತಿದ್ದಳು. ಗುಡ್ಡದ ಸಿಗ್ನಲ್ ಅವಳ ಕೈಯ ಅಗಲ ತಟ್ಟೆಗೆ, ಸ್ಟೀಲ್ ಪರಾತಕ್ಕೆ, ಬಡಿದು ಡಿಶ್‌ಗೆ ಪುಟಿಯುತ್ತಿತ್ತು!

"ನಿಂಗವ್ವಾ, ಹಂಗಽ ನಿಂದ್ರು! ಅಳ್ಳಾಡಬ್ಯಾಡ!" ಎಂದು ಕೂಗಿದ ಕಳಕಪ್ಪ.

"ನಿನ್ನ ಮಷೀನಿಗೆ ಬೆಂಕಿ ಹಚ್ಚ! ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ. ಬೇಕಾದ್ರ ನೀವಽ ಹಿಡಕೋರಿ!"

ಪಕ್ಕದ ಮಾಳಿಗೆಗೆ ದಾಟಿದ ಅಂದಾನೆಪ್ಪನ ಕೈಗೆ ಪರಾತ ಬಂತು.

"ದೋಸ್ತ, ಸ್ವಲ್ಪ ಮ್ಯಾಲ. ಅಷ್ಟಲ್ಲ! ಉಸಿರು ಸಾವಕಾಶ ಬಿಡು, ಲಿಂಕ್ ನಡಗಾಕತ್ತೈತಿ!"

"ಮೂಗು ಕಡಿಯಾಕತ್ತೈತಲೇ!"

"ತುರಸ್ಕೊಬ್ಯಾಡ! ನಿನ್ನ ಮೂಗಿನ ಮ್ಯಾಲ ಊರ ಇಂಟರ್ನೆಟ್ ನಿಂತೈತಿ!"

ಮಂಗ ಎದ್ದು ಹೋಯಿತು. ಡಿಶ್ ಮಾತ್ರ ಗುಡ್ಡದತ್ತ ತಿರುಗಲಿಲ್ಲ. ಅಂದಾನೆಪ್ಪ ಒಂದು ಹೆಜ್ಜೆ ಸರಿದರೆ ಅದೂ ಸರಿಯಿತು. ಜೇಬಿನ ಫೋನ್ ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಊರು ಬೈಯುತ್ತಿಲ್ಲ! ಮಷೀನು ಗೆಲ್ಲುತ್ತಿದೆ ಎಂದು ಅವನು ಹೆದರಿದ.

ಕೈ ಸಡಿಲಬಿಟ್ಟರೆ ಸಾಕು, ಕಳಕಪ್ಪ ಇಲ್ಲೇ ಉಳಿಯುತ್ತಾನೆ. ಬೆವರಿಗೆ ಜಾರಿತೆಂದರೆ ಯಾರೂ ಅನುಮಾನಿಸುವುದಿಲ್ಲ. ಅಂದಾನೆಪ್ಪ ಗೆಳೆಯನ ಮುಖ ನೋಡಿದ. ಪರಾತವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಸಾಹೇಬರು ಮೆಚ್ಚಿದರು. ತುಸು ಹೊತ್ತಿನಲ್ಲೇ ಕೆಳಗೆ ಅವರ ಜೀಪಿನ ಬಳಿಯಿಂದ ಕಳಕಪ್ಪನ ಕೂಗು ಕೇಳಿತು: "ಅಂದಾನೆಪ್ಪಾ! ಈಗಽ ಬಾ ಅನ್ನಾಕತ್ತಾರ. ಹೋಗ್ಲೇನು? ಏನರ ಹೇಳೋದೈತೇನು?"

ಎರಡೂ ಕೈಯಲ್ಲಿ ಪರಾತ; ಕೈ ಬೀಸಲೂ ಆಗಲಿಲ್ಲ.

"ಪರಾತ ಇಳಸ್ಲೋ, ಬ್ಯಾಡೋ?" ಎಂದು ಕೇಳಿದ ಅಂದಾನೆಪ್ಪ.

"ನಾ ಫೋನ್ ಮಾಡೋತನಾ ಬ್ಯಾಡ!"

ಪುಣೆಯಿಂದ ಕಳಕಪ್ಪನ ಫೋನ್ ಬಂದದ್ದು ಮಳೆಗಾಲಕ್ಕೆ. ಅಷ್ಟರಲ್ಲಿ ಮಾಳಿಗೆಗೆ ಕುರ್ಚಿ, ಕೊಡೆ ಬಂದಿದ್ದವು. ಪರಾತವನ್ನು ಕಂಬಕ್ಕೆ ಕಟ್ಟಿದರೆ ಡಿಶ್ ಮುಖ ತಿರುಗಿಸುತ್ತಿತ್ತು. ಅಂದಾನೆಪ್ಪನ ಎದೆಗೆ ಕಟ್ಟಿದರೆ ಮಾತ್ರ ಒಪ್ಪುತ್ತಿತ್ತು. ಅವನು ಚಹಾಕ್ಕೆ ಇಳಿದರೆ ಊರಿಗೆ ಇಂಟರ್ನೆಟ್ ಇಲ್ಲ.

"ಇಲ್ಲಿ ಎಲ್ಲಾರ ಕೈಯಾಗೂ ಪರಾತ ಕೊಟ್ಟು ನಿಂದ್ರಿಸಿದ್ವಿ," ಎಂದ ಕಳಕಪ್ಪ ಸೋತ ದನಿಯಲ್ಲಿ. "ಇಲ್ಲಿ ಮಾಡಿದ ಮಷೀನು ತಿರುಗಿನೂ ನೋಡವಲ್ದು. ನಿಂದು ಯಾವ ಕಂಪನಿ ಪರಾತಲೇ?"

"ನಿಂಗವ್ವನ್ನ ಕೇಳಿ ಹೇಳ್ತೀನಿ."

ವಾಪಸ್ ಬಾ ಎಂದು ಅಂದಾನೆಪ್ಪ ಹೇಳಲಿಲ್ಲ. ಹೋಗಬೇಡ ಎಂದು ಅವತ್ತೂ ಹೇಳಿರಲಿಲ್ಲ.