ಮಾವನವರನ್ನು ಗೋಡೆಯಿಂದ ಇಳಿಸಿಕೊಡುವ ಕುರಿತು

ಮಾನ್ಯ ಮುಖ್ಯೋಪಾಧ್ಯಾಯಿನಿಯವರೇ,

ತಮ್ಮ ಸರ್ಕಾರಿ ಪ್ರೌಢಶಾಲೆಯ ಗಂಟೆಗಳೆಲ್ಲ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿರಲಿ ಎಂದು ಹಾರೈಸುತ್ತಾ, ಶಾಲೆಯ ಎದುರು ಬೀದಿಯಲ್ಲಿ ವಾಸವಾಗಿರುವ, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನಾನು ಮಾಡಿಕೊಳ್ಳುವ ಬಿನ್ನಹವೇನೆಂದರೆ, ನಮ್ಮ ಮಾವನವರನ್ನು ದಯವಿಟ್ಟು ತಮ್ಮ ಕಾಂಪೌಂಡ್ ಗೋಡೆಯಿಂದ ಕೆಳಗಿಳಿಸಿಕೊಡಬೇಕು.

ಕಳೆದ ತಿಂಗಳು ತಮ್ಮ ಒಂಬತ್ತನೇ ತರಗತಿಯ ಮಕ್ಕಳು ಊರಿನ ಪರಂಪರೆ ಬರೆದುಕೊಳ್ಳಲು ಮನೆಮನೆಗೆ ಬಂದು, ಶಾಲೆ ಕಟ್ಟಿದ ಕಥೆ ಕೇಳಿದರು. ಮಾವನವರು ಕಥೆಗೆ ಕುಳಿತರೆ ಏಳುವವರಲ್ಲ. ಮೊದಲ ಲೋಟ ಚಹಾ ಮುಗಿಯುವಾಗ ಅವರು ಶಾಲೆಗೆ ಕಲ್ಲು ಹೊತ್ತವರಾಗಿದ್ದರು, ಎರಡನೆಯದಕ್ಕೆ ಅಡಿಪಾಯ ಹಾಕಿದವರಾದರು, ಮೂರನೆಯದಕ್ಕೆ ಇಡೀ ಕಟ್ಟಡವನ್ನು ಒಬ್ಬರೇ ಎತ್ತಿ ನಿಲ್ಲಿಸಿದ್ದರು. ಮಕ್ಕಳು ಒಂದಕ್ಷರ ಬಿಡದೆ ಬರೆದುಕೊಂಡರು. ಅಂಥ ಶ್ರದ್ಧೆ ಕಲಿಸಿದ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ಚಿತ್ರಕಲಾ ಮೇಷ್ಟ್ರು ಗೇಟಿನ ಪಕ್ಕದಲ್ಲೇ ಮಾವನವರನ್ನು ಆಳೆತ್ತರಕ್ಕೆ ಬರೆದು, ಅವರಿಗೆ ಜನ್ಮದಲ್ಲಿ ಇಲ್ಲದ ಹುರಿಮೀಸೆಯನ್ನೂ ದಯಪಾಲಿಸಿ, ಕೆಳಗೆ ‘ಶಾಲೆಯ ನಿರ್ಮಾತೃ’ ಎಂದು ನಮೂದಿಸಿದರು.

ಅಂದಿನಿಂದ ನಮ್ಮ ಮನೆಯಲ್ಲೊಬ್ಬ ಮಹಾಪುರುಷರಿದ್ದಾರೆ. ತರಕಾರಿ ತನ್ನಿ ಎಂದರೆ, “ಗೋಡೆ ಮೇಲಿರೋನು ಬದನೆಕಾಯಿ ಚೌಕಾಸಿ ಮಾಡಿದ್ರೆ ಚೆನ್ನಾಗಿರುತ್ತೇನಮ್ಮಾ” ಎನ್ನುತ್ತಾರೆ. ಬೆಳಗ್ಗೆ ಗೇಟಿನಲ್ಲಿ ನಿಂತು, ತಡವಾಗಿ ಬರುವ ಮೇಷ್ಟ್ರುಗಳಿಗೆ ಕೈಗಡಿಯಾರ ತೋರಿಸುವುದು ತಮಗೂ ತಿಳಿದದ್ದೇ. ಇದನ್ನು ಕಂಡು ಪಕ್ಕದ ಕ್ಷೌರಿಕರು ಶಾಲೆಯ ಮೊದಲ ಗಂಟೆ ಹೊಡೆದದ್ದು ತಾವೆಂದೂ, ನಿವೃತ್ತ ಅಂಚೆಯಣ್ಣ ಅಂಗಳದ ಮರ ನೆಟ್ಟದ್ದು ತಾವೆಂದೂ ಹಟ ಹಿಡಿದಿದ್ದಾರೆ. ಆದ್ದರಿಂದ ಒಂದೋ ಕಾಂಪೌಂಡನ್ನು ಊರ ಸುತ್ತ ಬೆಳೆಸಿ ಎಲ್ಲರಿಗೂ ಜಾಗ ಕೊಡಿ, ಇಲ್ಲವೇ ಮಾವನವರಿಗೆ ತಮ್ಮ ಕೋಣೆಯಲ್ಲೇ ಒಂದು ಕುರ್ಚಿ ಹಾಕಿಸಿ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಮೊನ್ನೆ ಭಾನುವಾರ ಮಾವನವರು ಅತ್ತೆಯವರನ್ನು ಚಿತ್ರ ತೋರಿಸಲು ಕರೆದೊಯ್ದರು; ನಾನೂ ಜೊತೆಗಿದ್ದೆ. ಅತ್ತೆ ಮಾತು ಕಡಿಮೆಯವರು. “ಮೂಗು ಚೆನ್ನಾಗಿ ಬಂದಿದೆ” ಎಂದಷ್ಟೇ ಹೇಳಿ, ಸೀದಾ ಒಳಗೆ ನಡೆದು, ಹಳೆಯ ಕೊಠಡಿಯೊಂದರ ಗೋಡೆಗೆ ಅಂಗೈ ಇಟ್ಟು ನಿಂತರು. ಏನತ್ತೆ ಎಂದೆ.

“ನಿಮ್ಮ ಮಾವ ಹನ್ನೊಂದನೇ ದಿನಕ್ಕೇ ಕಾಲ ಮೇಲೆ ಕಲ್ಲು ಬೀಳಿಸ್ಕೊಂಡು ಮಲಗಿದ್ರು. ಕೆಲಸ ಕೈತಪ್ಪಬಾರದು ಅಂತ ನಾನು ಬಂದೆ. ಬಸುರಿ ಬೇರೆ. ಕೆರೆಯಿಂದ ನೀರು ಹೊತ್ತು ತಂದು ಗೋಡೆ ನೆನೆಸ್ತಿದ್ದೆ, ದಿನಕ್ಕೆ ಮೂರು ಸಲ, ಚಾವಣಿ ಏರೋವರೆಗೂ” ಎಂದರು. ಆಗ ಹೊಟ್ಟೆಯಲ್ಲಿದ್ದವರು ನಮ್ಮ ಯಜಮಾನರು. ಅವರಿಗೂ ಈ ವಿಷಯ ಗೊತ್ತಿರಲಿಲ್ಲ.

ಮಾವನವರು ನನ್ನತ್ತ ತಿರುಗಿ, “ಒಂದು ಅರ್ಜಿ ಬರಿಯಮ್ಮ. ಮಕ್ಕಳು ಬಂದಾಗ ಇವಳು ಒಳಗೆ ಚಹಾ ಮಾಡ್ತಿದ್ಲು, ಯಾರೂ ಇವಳನ್ನ ಕೇಳಲಿಲ್ಲ ಅಂತ ಬರಿ. ನಾನೂ ಕರೀಲಿಲ್ಲ ಅಂತಾನೂ ಬರಿ” ಎಂದರು.

ಬರೆದಿದ್ದೇನೆ. ಮಕ್ಕಳನ್ನು ಇನ್ನೊಮ್ಮೆ ಕಳಿಸಿಕೊಡಿ. ಈ ಸಲ ಚಹಾ ಮಾವನವರೇ ಮಾಡುತ್ತಾರಂತೆ. ರುಚಿಗೆ ನಾನು ಹೊಣೆಯಲ್ಲ.

ತಮ್ಮ ವಿಶ್ವಾಸಿ,
ಎದುರು ಬೀದಿಯ ಸೊಸೆ

ವಿ.ಸೂ.: ಚಿತ್ರ ಬರೆಸಿಕೊಳ್ಳಲು ಅತ್ತೆಯವರು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಅವರು ಅಂಗೈ ಇಟ್ಟ ಗೋಡೆ ಅಂದು ಚಾವಣಿ ಸೋರಿ ಒದ್ದೆಯಾಗಿತ್ತು. “ನಾನು ನೀರು ಹಾಕೋದು ನಿಲ್ಲಿಸಿ ನಲವತ್ತೆಂಟು ವರ್ಷ ಆಯ್ತು, ಈಗ ಯಾರು ಹಾಕ್ತಿದ್ದಾರೆ ಅಂತ ಮೇಡಮ್ಮನ್ನ ಕೇಳು” ಎಂದಿದ್ದಾರೆ.