ಐದನೇ ಗುಂಡಿ

ನಮ್ಮ ಕಡೆ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಸಾಕು, ಲೋಟ ಎತ್ತೋಕೂ ಬಿಡಲ್ಲ ಜನ. ನನ್ನ ಕೆಲಸವೋ, ಲಕ್ವ ಹೊಡೆದವರಿಗೆ ತಮ್ಮ ಅಂಗಿ ತಾವೇ ಹಾಕ್ಕೊಳ್ಳೋದು, ತಮ್ಮ ಊಟ ತಾವೇ ಮಾಡೋದು ಮತ್ತೆ ಕಲಿಸೋದು. ಅಕ್ಯುಪೇಷನಲ್ ಥೆರಪಿ ಅಂತಾರೆ. ಹೀಗಾಗಿ ನನಗೂ ಜನಕ್ಕೂ ದಿನಾ ಜಟಾಪಟಿ ಇದ್ದದ್ದೇ. ಅದರಲ್ಲೂ ನಾನು ಮಾಸ್ಟರ್ಸ್‌ಗೆ ಅರ್ಜಿ ಹಾಕಿದ ತಿಂಗಳಂತೂ ಕೇಳ್ಬೇಡಿ. ಹೋದ ವರ್ಷ ಕೊನೇ ದಿನ ತಪ್ಪಿ ಸೀಟು ಹೋಗಿತ್ತು. ಈ ಸಲವೂ ಹೋದ್ರೆ ಆ ಆಸೆಗೇ ಎಳ್ಳುನೀರು ಬಿಡೋದು ಅಂತ ತೀರ್ಮಾನಿಸಿದ್ದೆ.

೧. ಶಿಫಾರಸು ಪತ್ರ

ಹುಣಸೂರಿನ ನಮ್ಮ ಕ್ಲಿನಿಕ್ ಡಾಕ್ಟರು, "ನಂಗೆಲ್ಲಮ್ಮ ಟೈಮು? ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅಂದ್ರು. ನಾಚಿಕೆ ಬಿಟ್ಟು ನನ್ನನ್ನ ನಾನೇ ಒಂದು ಪುಟ ಹೊಗಳ್ಕೊಂಡೆ. ಓದ್ತಾ ಓದ್ತಾ ಅವರ ಪೆನ್ನು ನಿಂತುಹೋಯ್ತು.

"ಇಷ್ಟೆಲ್ಲಾ ಕೆಲಸ ನೀನೇ ಮಾಡೋದಾ? ನಿನ್ನ ಕಳಿಸಿ ನಾನು ಬಾಗಿಲು ಹಾಕ್ಕೊಳ್ಳಲಾ?"

ತಲೆ ಚಚ್ಕೊಂಡು ಹೊಗಳಿಕೆ ಅರ್ಧ ಕತ್ತರಿಸಿ, 'ಕೆಲವೊಮ್ಮೆ ತಡವಾಗಿ ಬರುತ್ತಾಳೆ' ಅಂತ ಒಂದು ಸಾಲು ಸೇರಿಸ್ದೆ. ಪೂರ್ತಿ ಓದೋ ಮುಂಚೆ ಸೈನ್ ಬಿತ್ತು.

೨. ಅಜ್ಜನ ಅಂಗಿ

ರೋಗಿಯೊಬ್ಬರು ಒಂದು ಕೆಲಸ ತಾವೇ ಮಾಡೋ ವಿಡಿಯೋನೂ ಕಳಿಸ್ಬೇಕಿತ್ತು. ಹಂಪಾಪುರದ ಒಬ್ಬ ಅಜ್ಜ ಎರಡು ತಿಂಗಳು ಒದ್ದಾಡಿ ಅಂಗಿಯ ಐದೂ ಗುಂಡಿ ಹಾಕೋದು ಕಲಿತಿದ್ರು. ಫೋನ್ ಹಿಡ್ಕೊಂಡು ಹೋದ್ರೆ, ಸೊಸೆ ಅವರಿಗೆ ಹೊಸ ಅಂಗಿ ತೊಡಿಸಿ, ಗುಂಡಿಯೆಲ್ಲಾ ಹಾಕಿ, ತಲೆ ಬಾಚಿ ಕೂರಿಸಿದ್ರು.

"ಈಗ ತೆಗೀರಿ ಮೇಡಮ್ಮು."

"ಅಯ್ಯೋ, ಗುಂಡಿ ಅವರೇ ಹಾಕ್ಬೇಕು ಕಣಕ್ಕ!"

"ಮಾವ ಎದೆ ಬಿಟ್ಕಂಡ್ ಕೂತಿದ್ರೆ, ನೋಡ್ದೋರು ಮನೇಲಿ ಸೊಸೆ ಇಲ್ವಾ ಅನ್ನಾಕಿಲ್ವಾ?"

ಆಯಮ್ಮನ್ನ ಟೀ ಮಾಡೋಕೆ ಒಳಗಟ್ಟಿ, ಗುಂಡಿ ಬಿಚ್ಚಿಸಿ ವಿಡಿಯೋ ಶುರು ಮಾಡ್ದೆ. ಅಜ್ಜ ನಾಲಿಗೆ ಕಚ್ಕೊಂಡು ಒಂದು, ಎರಡು, ಮೂರು, ನಾಲ್ಕು ಹಾಕಿದ್ರು. ನಂಗೆ ಖುಷೀಲಿ ಕಣ್ಣು ತುಂಬಿ ಬಂತು. ಐದನೇದಕ್ಕೆ ಕೈ ಹೋಗ್ತಿದ್ದಂಗೆ, ಜಗಲಿ ಮೇಲೆ ಕೂತಿದ್ದ ಪಕ್ಕದ ಮನೆಯಾತ ಎದ್ದು ಬಂದು ಪಟಕ್ಕಂತ ಹಾಕೇಬಿಟ್ಟ. "ಪಾಪ, ಎಷ್ಟೊತ್ತು ಗೋಳು ಉಯ್ಕತೀರವ್ವ ಮುದುಕನ್ನ?"

ಅಜ್ಜ ಸುಸ್ತಾಗಿ ಮಲಗಿಬಿಟ್ರು. ಅವತ್ತೇ ಕೊನೇ ದಿನ. ಅದೇ ವಿಡಿಯೋ ಕಳಿಸ್ದೆ.

೩. ಸಂದರ್ಶನ

ಹ್ಯಾಂಡ್‌ಪೋಸ್ಟ್ ಅನ್ನೋ ಊರಿನ ಹತ್ತಿರದ ನಮ್ಮ ಮನೇಲೇ, ಫೋನಲ್ಲಿ ವಿಡಿಯೋ ಸಂದರ್ಶನ. ಎದುರಿಗೆ ಮೂವರು ಪ್ರೊಫೆಸರ್ರು. ಅವ್ವನಿಗೆ ಮೊದಲೇ ಕೈ ಮುಗಿದು ಹೇಳಿದ್ದೆ, "ಈ ಕಡೆ ತಲೆ ಹಾಕ್ಬೇಡ."

ಒಬ್ಬ ಮೇಡಂ ಕೇಳಿದ್ರು, "ಐದನೇ ಗುಂಡಿ ಹಾಕಿದ ಕೈ ಯಾರದು? ರೋಗಿ ತಾನೇ ಮಾಡಿದ್ದು ಅಂತ ನಾವು ಹೇಗೆ ನಂಬೋದು?"

ಈ ಸಲವೂ ಹೋಯ್ತು ಅನ್ಕೊಂಡೆ.

"ಮೇಡಂ, ನಮ್ಮ ಕಡೆ ಜನ..." ಅಂತ ಬಾಯಿ ತೆಗೆದಿದ್ದೇ ತಡ, ಪಕ್ಕದಿಂದ ಒಂದು ಕೈ ಬಂದು ಮುದ್ದೆ ತುತ್ತು ಇಟ್ಟೇಬಿಡ್ತು. ಸೊಪ್ಪಿನ ಸಾರು ಗಲ್ಲದ ಮೇಲೆ ಇಳೀತು. ಮುದ್ದೆ ಅಗಿಯೋ ಹಾಗೂ ಇಲ್ಲ, ಉಗಿಯೋ ಹಾಗೂ ಇಲ್ಲ. ಅವ್ವ ಫೋನಿಗೆ ಬಗ್ಗಿ, "ಬೆಳಗ್ಗಿಂದ ಏನೂ ತಿಂದಿಲ್ಲ ಕಣವ್ವ. ನೀವ್ ಕೇಳ್ತಾ ಇರಿ, ನಾ ತಿನ್ನುಸ್ತಾ ಇರ್ತೀನಿ" ಅಂದ್ಲು.

ಮೂವರೂ ಬಿದ್ದು ಬಿದ್ದು ನಕ್ಕರು. ಆ ಮೇಡಂ ಕಣ್ಣೊರೆಸ್ಕೊಂಡು, "ಆಯ್ತಮ್ಮ, ಆ ಕೈ ಎಂಥದ್ದು ಅಂತ ಗೊತ್ತಾಯ್ತು. ನೀನು ನುಂಗು" ಅಂದ್ರು.

ವಾರದಲ್ಲಿ ಸೀಟು ಬಂತು. ಓದಿದ್ದು ನಾನು, ಒದ್ದಾಡಿದ್ದು ನಾನು. ಅವ್ವ ಮಾತ್ರ ಬೀದಿ ತುಂಬಾ ಹೇಳ್ಕೊಂಡು ತಿರುಗ್ತಿದ್ದಾಳೆ: "ನಾ ಒಂದ್ ತುತ್ತು ಇಕ್ದೇ ಇದ್ದಿದ್ರೆ ಇವ್ಳಿಗೆಲ್ಲಿ ಸಿಕ್ತಿತ್ತು ಸೀಟು?"